ರಕ್ತಕ್ಕೂ ಕ್ಲೋರಿನ್ನಿಗೂ ಒಂದೇ ಬಗೆಯ ಪಂಪ್ ಹೇಗೆ?

ಪ್ರಶ್ನೆ: ನಾನು ಚಳ್ಳಕೆರೆ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ನೀರುಗಂಟಿಯಾಗಿದ್ದೇನೆ. ತಾಯಿಯವರನ್ನು ವಾರಕ್ಕೆ ಎರಡು ಸಲ ಡಯಾಲಿಸಿಸ್‌ಗೆ ಚಿತ್ರದುರ್ಗಕ್ಕೆ ಕರೆದುಕೊಂಡು ಹೋಗುತ್ತೇನೆ. ಅಲ್ಲಿನ ಯಂತ್ರದ ಮುಂಭಾಗದಲ್ಲಿ ಒಂದು ಚಕ್ರ ತಿರುಗುತ್ತಾ ರಕ್ತದ ಟ್ಯೂಬನ್ನು ಅಮುಕುತ್ತಲೇ ಇರುತ್ತದೆ. ಅದೇ ರಕ್ತದ ಪಂಪ್ ಎಂದು ಸಿಬ್ಬಂದಿ ಹೇಳಿದರು. ರಕ್ತವನ್ನು ಹೀಗೆ ಹಿಸುಕಿದರೆ ಅದು ಕೆಡುವುದಿಲ್ಲವೇ? ನಮ್ಮೂರಿನ ಓವರ್‌ಹೆಡ್ ಟ್ಯಾಂಕಿಗೆ ಕ್ಲೋರಿನ್ ಬಿಡುವ ಸಣ್ಣ ಪಂಪ್ ಬೇಸಿಗೆ ಬಂತೆಂದರೆ ಪದೇ ಪದೇ ಕೈಕೊಡುತ್ತದೆ. ಅದರ ಬದಲು ಈ ಬಗೆಯ ಪಂಪ್ ಹಾಕಬಹುದೇ? ಇದರಿಂದ ಬೋರ್‌ವೆಲ್ ನೀರನ್ನೂ ಎತ್ತಲು ಆಗುತ್ತದೆಯೇ?

ಉತ್ತರ: ನೀವು ನೋಡಿದ್ದು ಪೆರಿಸ್ಟಾಲ್ಟಿಕ್ ಪಂಪ್. ರೋಲರ್ ಪಂಪ್ ಎಂದೂ ಕರೆಯುತ್ತಾರೆ. ನಿಮ್ಮ ಮೂರು ಪ್ರಶ್ನೆಗಳಿಗೆ ಮೊದಲು ನೇರ ಉತ್ತರ ಕೊಟ್ಟುಬಿಡುತ್ತೇನೆ. ಸರಿಯಾಗಿ ಹೊಂದಿಸಿದ ಯಂತ್ರದಲ್ಲಿ ರಕ್ತಕ್ಕೆ ಆಗುವ ಹಾನಿ ಬಹಳ ಕಡಿಮೆ, ಅದರ ಬಗ್ಗೆ ಚಿಂತೆ ಬೇಡ. ಕ್ಲೋರಿನ್‌ಗೆ ಹಾಕಬಹುದು. ನಿಮ್ಮಂಥ ಊರಿಗೆ ಅದೇ ಹೆಚ್ಚು ಸೂಕ್ತ ಎಂಬುದು ನನ್ನ ಖಚಿತ ಅಭಿಪ್ರಾಯ, ಆದರೆ ಕೂರಿಸುವ ಜಾಗ ಸರಿಯಾಗಿರಬೇಕು. ಬೋರ್‌ವೆಲ್‌ಗೆ ಮಾತ್ರ ಇದು ಆಗುವುದಿಲ್ಲ. ಇನ್ನು ಕಾರಣಗಳನ್ನು ನೋಡೋಣ. ಪಂಪನ್ನು ದಿನವೂ ನೋಡಿಕೊಳ್ಳುವವರು ನೀವೇ ಆದ್ದರಿಂದ ಅದರ ಒಳಗೆ ಏನು ನಡೆಯುತ್ತದೆ ಎಂಬುದು ನಿಮಗೆ ಗೊತ್ತಿರಲೇಬೇಕು.

ಹಸುವಿನ ಹಾಲು ಕರೆಯುವ ಕೈಯನ್ನು ನೆನಪಿಸಿಕೊಳ್ಳಿ. ಹೆಬ್ಬೆರಳು ಮತ್ತು ತೋರುಬೆರಳು ಮೊದಲು ಮೊಲೆತೊಟ್ಟಿನ ಬುಡವನ್ನು ಬಿಗಿಯುತ್ತವೆ. ಆಮೇಲೆ ನಡುಬೆರಳು, ಉಂಗುರದ ಬೆರಳು, ಕಿರುಬೆರಳು ಒಂದರ ಹಿಂದೊಂದು ಒತ್ತುತ್ತಾ ಬರುತ್ತವೆ. ಮೇಲಿನ ದಾರಿ ಮುಚ್ಚಿರುವುದರಿಂದ ಹಾಲು ಕೆಚ್ಚಲಿಗೆ ಹಿಂತಿರುಗಲಾರದು, ಕೆಳಗೇ ಇಳಿಯಬೇಕು. ಹಿಡಿತ ಸಡಿಲಿಸಿದೊಡನೆ ತೊಟ್ಟು ಮತ್ತೆ ತುಂಬಿಕೊಳ್ಳುತ್ತದೆ. ಪೆರಿಸ್ಟಾಲ್ಟಿಕ್ ಪಂಪ್ ಮಾಡುವುದು ಇಷ್ಟನ್ನೇ. ನಮ್ಮ ಅನ್ನನಾಳವೂ ಕರುಳೂ ಆಹಾರವನ್ನು ಮುಂದಕ್ಕೆ ತಳ್ಳುವುದು ಇದೇ ರೀತಿಯಲ್ಲಿ. ಮಲಗಿಕೊಂಡು ನೀರು ಕುಡಿದರೂ ಅದು ಹೊಟ್ಟೆಗೆ ಹೋಗುತ್ತದೆ, ಏಕೆಂದರೆ ಅಲ್ಲಿ ಕೆಲಸ ಮಾಡುವುದು ಇಳಿಜಾರಲ್ಲ, ಸ್ನಾಯುಗಳ ಹಿಸುಕುವಿಕೆಯ ಅಲೆ.

ಯಂತ್ರದಲ್ಲಿ ಬೆರಳುಗಳ ಜಾಗದಲ್ಲಿ ರೋಲರ್‌ಗಳಿರುತ್ತವೆ. ಅರ್ಧವೃತ್ತಾಕಾರದ ಒಂದು ಗಟ್ಟಿ ಗೋಡೆ, ಅದಕ್ಕೆ ಒತ್ತಿಕೊಂಡ ಒಂದು ಮೆತ್ತನೆಯ ಟ್ಯೂಬ್, ನಡುವೆ ತಿರುಗುವ ರೋಟರ್. ರೋಟರ್‌ನ ತುದಿಗಳಲ್ಲಿ ಎರಡೋ ಮೂರೋ ಅಥವಾ ಹೆಚ್ಚೋ ರೋಲರ್‌ಗಳು. ಒಂದು ರೋಲರ್ ಟ್ಯೂಬನ್ನು ಗೋಡೆಗೆ ಅಮುಕಿ ಪೂರ್ತಿ ಮುಚ್ಚಿ, ಮುಚ್ಚಿದ ಜಾಗವನ್ನು ಮುಂದಕ್ಕೆ ಸರಿಸಿಕೊಂಡು ಹೋಗುತ್ತದೆ. ಅದರ ಮುಂದಿದ್ದ ದ್ರವಕ್ಕೆ ಹೊರಗೆ ಹೋಗದೆ ಬೇರೆ ದಾರಿಯಿಲ್ಲ. ಆ ರೋಲರ್ ಟ್ಯೂಬನ್ನು ಬಿಡುವ ಮೊದಲೇ ಹಿಂದಿನ ರೋಲರ್ ಬಂದು ಬಾಗಿಲು ಹಾಕಿರುತ್ತದೆ. ಹೀಗೆ ಯಾವ ಗಳಿಗೆಯಲ್ಲೂ ಕನಿಷ್ಠ ಒಂದು ಕಡೆ ಟ್ಯೂಬ್ ಮುಚ್ಚಿಯೇ ಇರುವುದರಿಂದ ಈ ಪಂಪಿಗೆ ಒಳಗೆ ವಾಲ್ವ್‌ಗಳೇ ಬೇಕಿಲ್ಲ.

ತಳ್ಳುವುದು ಅರ್ಧ ಕೆಲಸವಾಯಿತು. ಹೀರುವುದು ಯಾರು? ಹೆಚ್ಚಿನವರು ಗಮನಿಸದ ಸಂಗತಿ ಇದು. ರೋಲರ್ ದಾಟಿ ಹೋದ ಮೇಲೆ ಚಪ್ಪಟೆಯಾಗಿದ್ದ ಟ್ಯೂಬ್ ತಾನಾಗಿಯೇ ಮತ್ತೆ ದುಂಡಗಾಗುತ್ತದೆ. ಹಾಗೆ ಅರಳುವಾಗ ಒಳಗೆ ಉಂಟಾಗುವ ತೆರವು ಹಿಂದಿನಿಂದ ದ್ರವವನ್ನು ಎಳೆದುಕೊಳ್ಳುತ್ತದೆ. ಅಂದರೆ ಈ ಪಂಪಿನ ಹೀರುವ ಬಲವೆಲ್ಲ ಟ್ಯೂಬಿನ ಪುಟಿಯುವ ಗುಣದಲ್ಲಿದೆ. ಟ್ಯೂಬ್ ಹಳತಾಗಿ ಸೋತರೆ ಮೋಟಾರ್ ಎಷ್ಟೇ ಹೊಸದಾಗಿದ್ದರೂ ಪಂಪ್ ಸೋತಂತೆಯೇ. ಜೇನುತುಪ್ಪದಂಥ ಮಂದ ದ್ರವಕ್ಕೆ ಇದನ್ನು ನಿಧಾನವಾಗಿ ಓಡಿಸಬೇಕಾಗುವುದೂ ಇದೇ ಕಾರಣಕ್ಕೆ. ಮುಂದಿನ ರೋಲರ್ ಬರುವುದರೊಳಗೆ ಟ್ಯೂಬ್ ತುಂಬಿಕೊಳ್ಳಲು ಸಮಯ ಬೇಕು.

ಎಷ್ಟು ದ್ರವ ಹೋಗುತ್ತದೆ ಎಂಬುದನ್ನು ಕಾಗದದ ಮೇಲೆಯೇ ಲೆಕ್ಕ ಹಾಕಬಹುದು. ಟ್ಯೂಬಿನ ಒಳವ್ಯಾಸ 6 ಮಿಲಿಮೀಟರ್ ಎಂದಿಟ್ಟುಕೊಳ್ಳಿ. ಅಡ್ಡಕೊಯ್ತದ ವಿಸ್ತೀರ್ಣ ಸುಮಾರು 0.28 ಚದರ ಸೆಂಟಿಮೀಟರ್. ಎರಡು ರೋಲರ್‌ಗಳ ನಡುವಿನ ಟ್ಯೂಬ್ 10 ಸೆಂಟಿಮೀಟರ್ ಉದ್ದವಿದ್ದರೆ ಅದರಲ್ಲಿ 2.8 ಮಿಲಿಲೀಟರ್ ಹಿಡಿಯುತ್ತದೆ. ರೋಟರ್‌ಗೆ ಎರಡು ರೋಲರ್ ಇದ್ದರೆ ಒಂದು ಸುತ್ತಿಗೆ ಇಂಥ ಎರಡು ತುಂಡು ದ್ರವ ಹೊರಬೀಳುತ್ತದೆ. ರೋಲರ್ ಅಮುಕಿದ ಜಾಗದ ಪಾಲನ್ನು ಕಳೆದರೆ ಸುತ್ತಿಗೆ ಸುಮಾರು 5 ಮಿಲಿಲೀಟರ್. ನಿಮಿಷಕ್ಕೆ 20 ಸುತ್ತು ತಿರುಗಿಸಿದರೆ 100 ಮಿಲಿಲೀಟರ್, 40 ಸುತ್ತಿಗೆ 200. ವೇಗ ಇಮ್ಮಡಿಯಾದರೆ ಹರಿವೂ ಇಮ್ಮಡಿ. ಟ್ಯೂಬಿನ ಒಳವ್ಯಾಸ ಇಮ್ಮಡಿಯಾದರೆ ಹರಿವು ನಾಲ್ಕು ಪಟ್ಟು. ತೋಟಕ್ಕೆ ನೀರು ಹಾಯಿಸುವ ಸೆಂಟ್ರಿಫ್ಯೂಗಲ್ ಪಂಪಿನಲ್ಲಿ ಈ ನೇರ ಲೆಕ್ಕ ನಡೆಯುವುದಿಲ್ಲ. ಅಲ್ಲಿ ಎತ್ತರ ಹೆಚ್ಚಿದಂತೆ ನೀರು ಕಡಿಮೆಯಾಗುತ್ತದೆ, ವಾಲ್ವ್ ಮುಚ್ಚಿದರೆ ನೀರು ಒಳಗೇ ಸುತ್ತುತ್ತಿರುತ್ತದೆ. ಪೆರಿಸ್ಟಾಲ್ಟಿಕ್ ಪಂಪಿನ ಮುಂದೆ ವಾಲ್ವ್ ಮುಚ್ಚಿದರೆ ಅದು ತಳ್ಳುತ್ತಲೇ ಹೋಗುತ್ತದೆ. ಕೊನೆಗೆ ಟ್ಯೂಬ್ ಕಳಚುತ್ತದೆ ಅಥವಾ ಒಡೆಯುತ್ತದೆ. ಇದು ನೆನಪಿರಲಿ, ಕ್ಲೋರಿನ್ ವಿಷಯಕ್ಕೆ ಬಂದಾಗ ಬೇಕಾಗುತ್ತದೆ.

ಈಗ ನಿಮ್ಮ ತಾಯಿಯವರ ಡಯಾಲಿಸಿಸ್. ರಕ್ತ ಈ ಪಂಪಿನಲ್ಲಿ ಟ್ಯೂಬನ್ನು ಬಿಟ್ಟು ಬೇರೆ ಯಾವುದನ್ನೂ ಮುಟ್ಟುವುದಿಲ್ಲ. ರೋಲರ್, ಮೋಟಾರ್, ಬೇರಿಂಗ್ ಎಲ್ಲವೂ ಹೊರಗೆ. ಒಬ್ಬ ರೋಗಿಗೆ ಒಂದು ಸೆಟ್ ಟ್ಯೂಬ್ ಹಾಕಿ, ಅದನ್ನು ತೆಗೆದರೆ ಪಂಪಿನ ಒಳಗೆ ತೊಳೆಯಬೇಕಾದ್ದೇನೂ ಉಳಿಯುವುದಿಲ್ಲ. ಲೋಹದ ರೆಕ್ಕೆಗಳಿರುವ, ಸೀಲ್‌ಗಳಿರುವ ಸಾಮಾನ್ಯ ಪಂಪಿನ ಒಳಗಿನ ಸಂದುಗೊಂದುಗಳನ್ನು ಪ್ರತಿ ಸಲವೂ ಕ್ರಿಮಿಮುಕ್ತ ಮಾಡಬೇಕಾದ ಕಷ್ಟವನ್ನು ಯೋಚಿಸಿದರೆ ಈ ಸರಳತೆಯ ಬೆಲೆ ತಿಳಿಯುತ್ತದೆ.

ಡಯಾಲಿಸಿಸ್‌ನಲ್ಲಿ ರಕ್ತ ಸಾಮಾನ್ಯವಾಗಿ ನಿಮಿಷಕ್ಕೆ 200ರಿಂದ 400 ಮಿಲಿಲೀಟರ್ ವೇಗದಲ್ಲಿ ಹರಿಯುತ್ತದೆ. 300 ಎಂದು ಹಿಡಿದರೆ ನಾಲ್ಕು ಗಂಟೆಯಲ್ಲಿ 72 ಲೀಟರ್. ವಯಸ್ಕರ ದೇಹದಲ್ಲಿ ಇರುವುದು ಸುಮಾರು 5 ಲೀಟರ್ ರಕ್ತ. ಹಾಗಾದರೆ ಅಷ್ಟೂ ರಕ್ತ ಒಂದು ಸರದಿಯಲ್ಲಿ ಹದಿನಾಲ್ಕು ಸಲ ಆ ರೋಲರ್‌ಗಳ ಕೆಳಗೆ ಹಾದುಬಂದ ಲೆಕ್ಕ. ಕೆಡುವುದಿಲ್ಲವೇ ಎಂದು ನೀವು ಕೇಳಿದ್ದು ಸಹಜವೇ. ಟ್ಯೂಬ್ ಮುಚ್ಚುತ್ತಾ ಬಂದಂತೆ ದ್ರವ ಮುಂದಕ್ಕೂ ಹಿಂದಕ್ಕೂ ಸರಿದುಕೊಳ್ಳುತ್ತದೆ. ಗೋಡೆಗೆ ಗೋಡೆ ತಾಗುವ ಸಣ್ಣ ಗೆರೆಯಲ್ಲಿ ಸಿಕ್ಕಿಬೀಳುವ ರಕ್ತಕಣಗಳು ಬಹಳ ಕಡಿಮೆ. ರೋಲರ್ ಅತಿಯಾಗಿ ಬಿಗಿಯಾಗಿದ್ದರೆ ಕಣಗಳು ಜಜ್ಜಿಹೋಗುತ್ತವೆ. ಸಡಿಲವಾಗಿದ್ದರೆ ಕಿರಿದಾದ ಸಂದಿನಲ್ಲಿ ರಕ್ತ ರಭಸದಿಂದ ಹಿಂದಕ್ಕೆ ನುಗ್ಗಿ ಕಣಗಳು ಸೀಳಿಹೋಗುತ್ತವೆ. ಆದ್ದರಿಂದ ಈ ಅಂತರವನ್ನು ಕಾರ್ಖಾನೆಯಲ್ಲೇ ಬಹಳ ಜಾಗರೂಕತೆಯಿಂದ ಹೊಂದಿಸಿರುತ್ತಾರೆ.

ರಕ್ತಕ್ಕೆ ಹೆಚ್ಚು ಅಪಾಯ ಬರುವುದು ಪಂಪಿನಿಂದಲ್ಲ, ಮಡಚಿಕೊಂಡ ಟ್ಯೂಬಿನಿಂದ. ದೇಹದಿಂದ ಯಂತ್ರಕ್ಕೆ ಬರುವ ಟ್ಯೂಬ್ ತೋಳಿನ ಕೆಳಗೋ ಮಂಚದ ಕಂಬಿಗೋ ಸಿಕ್ಕಿ ಮಡಚಿದರೆ ಪಂಪ್ ಜೋರಾಗಿ ಎಳೆಯುತ್ತದೆ. ಆ ಕಿರಿದಾದ ಜಾಗದಲ್ಲಿ ರಕ್ತಕಣಗಳು ಒಡೆಯಬಹುದು. ಯಂತ್ರದಲ್ಲಿ ಒತ್ತಡ ಅಳೆಯುವ ವ್ಯವಸ್ಥೆಯಿದೆ, ಅಲಾರಂ ಹೊಡೆಯುತ್ತದೆ. ಆದರೂ ತಾಯಿಯವರ ಪಕ್ಕದಲ್ಲಿ ಕುಳಿತಿರುವ ನೀವು ಟ್ಯೂಬ್ ನೇರವಾಗಿದೆಯೇ ಎಂದು ಆಗಾಗ ಕಣ್ಣು ಹಾಯಿಸುತ್ತಿರಿ. ಮಡಚಿದ್ದು ಕಂಡರೆ ನೀವು ಮುಟ್ಟಬೇಡಿ, ಸಿಬ್ಬಂದಿಯನ್ನು ಕರೆಯಿರಿ. ಇನ್ನೊಂದು ವಿಷಯ: ಈ ಪಂಪಿಗೆ ರಕ್ತವೂ ಒಂದೇ, ಗಾಳಿಯೂ ಒಂದೇ. ಬಂದದ್ದನ್ನು ತಳ್ಳುತ್ತದೆ. ಅದಕ್ಕಾಗಿಯೇ ರಕ್ತ ಮತ್ತೆ ದೇಹ ಸೇರುವ ಮೊದಲು ಗಾಳಿಗುಳ್ಳೆ ಪತ್ತೆಹಚ್ಚುವ ಸಾಧನವೂ, ತಕ್ಷಣ ಟ್ಯೂಬ್ ಮುಚ್ಚುವ ಕ್ಲ್ಯಾಂಪೂ ಇರುತ್ತವೆ. ಕರೆಂಟ್ ಹೋದರೆ ಎಂಬ ಭಯ ಬೇಡ. ಬ್ಯಾಟರಿ ಇರುತ್ತದೆ. ಅದೂ ಕೈಕೊಟ್ಟರೆ ರೋಟರ್‌ಗೆ ಹಿಡಿಕೆ ಸಿಕ್ಕಿಸಿ ಕೈಯಲ್ಲೇ ತಿರುಗಿಸಿ ಹೊರಗಿರುವ ರಕ್ತವನ್ನು ರೋಗಿಯ ದೇಹಕ್ಕೆ ಹಿಂತಿರುಗಿಸಬಹುದು. ಎಲೆಕ್ಟ್ರಾನಿಕ್ಸ್ ತುಂಬಿದ ಯಂತ್ರದ ಹೃದಯಭಾಗವನ್ನು ಕೈಯಿಂದ ತಿರುಗಿಸಲು ಸಾಧ್ಯವಾಗಿರುವುದು ಈ ವಿನ್ಯಾಸದ ದೊಡ್ಡತನ ಎಂದು ನಾನು ಭಾವಿಸುತ್ತೇನೆ.

ಆಸ್ಪತ್ರೆಗೆ ಇದು ಹೊಸದೇನೂ ಅಲ್ಲ. ಅಮೆರಿಕದ ಶಸ್ತ್ರವೈದ್ಯ ಮೈಕೇಲ್ ಡಿಬೇಕಿ 1930ರ ದಶಕದಲ್ಲಿ ರಕ್ತ ಕೊಡಲು ರೋಲರ್ ಪಂಪನ್ನು ಸುಧಾರಿಸಿ ಬಳಕೆಗೆ ತಂದರು. 1953ರ ಮೇ 6ರಂದು ಜಾನ್ ಗಿಬ್ಬನ್ ಹೃದಯ-ಶ್ವಾಸಕೋಶ ಯಂತ್ರವನ್ನು ಪೂರ್ತಿಯಾಗಿ ಅವಲಂಬಿಸಿ ಮೊದಲ ಯಶಸ್ವಿ ತೆರೆದ ಹೃದಯದ ಶಸ್ತ್ರಚಿಕಿತ್ಸೆ ಮಾಡಿದಾಗ ರಕ್ತವನ್ನು ಮುಂದೂಡಿದ್ದು ರೋಲರ್ ಪಂಪ್‌ಗಳೇ. ಈಗ ಅನೇಕ ಕಡೆ ಆ ಕೆಲಸಕ್ಕೆ ಸೆಂಟ್ರಿಫ್ಯೂಗಲ್ ಪಂಪುಗಳೂ ಬಂದಿವೆ. ಐಸಿಯುಗಳಲ್ಲಿ ಡ್ರಿಪ್ ಬಾಟಲಿಯ ಪಕ್ಕ ಕಂಬಕ್ಕೆ ಸಿಕ್ಕಿಸಿರುವ ಇನ್‌ಫ್ಯೂಷನ್ ಪಂಪ್ ನೋಡಿದ್ದೀರಲ್ಲ, ಹೆಚ್ಚಿನವು ಇದೇ ಜಾತಿಯವು. ಅವುಗಳಲ್ಲಿ ಚಕ್ರವಿಲ್ಲ. ಸಾಲಾಗಿ ನಿಂತ ಸಣ್ಣ ಒತ್ತುಕಡ್ಡಿಗಳು ಹಾಲು ಕರೆಯುವ ಬೆರಳುಗಳಂತೆಯೇ ಒಂದರ ಹಿಂದೊಂದು ಟ್ಯೂಬನ್ನು ಅಮುಕುತ್ತವೆ.

ಆಸ್ಪತ್ರೆಯಲ್ಲಿ ಇದನ್ನು ಆರಿಸುವುದು ಪಂಪ್ ರಕ್ತವನ್ನು ಕೊಳಕು ಮಾಡಬಾರದು ಎಂದು. ಕಾರ್ಖಾನೆಯಲ್ಲಿ ಆರಿಸುವುದು ಒಳಗಿನ ದ್ರವ ಪಂಪನ್ನು ತಿಂದುಹಾಕಬಾರದು ಎಂದು. ಆಮ್ಲ, ಕ್ಷಾರ, ಸುಣ್ಣದ ಹಾಲು, ಬಣ್ಣ, ಮರಳು ಬೆರೆತ ಕೆಸರು ಇವೆಲ್ಲ ಲೋಹದ ರೆಕ್ಕೆಯನ್ನೂ ಸೀಲನ್ನೂ ಸವೆಸುತ್ತವೆ. ಇಲ್ಲಿ ಸವೆಯಲು ಇರುವುದು ಒಂದು ಟ್ಯೂಬ್ ಮಾತ್ರ. ತ್ಯಾಜ್ಯ ನೀರು ಶುದ್ಧೀಕರಿಸುವ ಘಟಕಗಳಲ್ಲಿ ಆಲಂ, ಪಾಲಿಮರ್ ಬಿಡಲು, ಪರೀಕ್ಷೆಗೆ ನೀರಿನ ಮಾದರಿ ತೆಗೆಯಲು, ದೊಡ್ಡ ಹೋಟೆಲುಗಳ ಪಾತ್ರೆ ತೊಳೆಯುವ ಯಂತ್ರಕ್ಕೆ ಸೋಪಿನ ದ್ರಾವಣ ಅಳೆದು ಕೊಡಲು ಇದೇ ಪಂಪಿನ ಚಿಕ್ಕ ರೂಪಗಳಿವೆ. ದೊಡ್ಡ ರೂಪವೂ ಇದೆ. ಅದನ್ನು ಹೋಸ್ ಪಂಪ್ ಎನ್ನುತ್ತಾರೆ. ಅಲ್ಲಿ ಟ್ಯೂಬಿನ ಬದಲು ದಾರದ ಪದರಗಳನ್ನು ಸೇರಿಸಿ ಬಲಪಡಿಸಿದ ದಪ್ಪ ರಬ್ಬರ್ ಹೋಸ್ ಇರುತ್ತದೆ. ಅದು ಬಿಸಿಯಾಗದಂತೆ ಪಂಪಿನ ಮನೆಯೊಳಗೆ ಗ್ಲಿಸರಿನ್ ತುಂಬಿರುತ್ತಾರೆ. ಇವು 16 ಬಾರ್‌ವರೆಗಿನ (ಬಾರ್ ಎಂದರೆ ಒತ್ತಡದ ಅಳತೆ) ಒತ್ತಡದಲ್ಲಿ ಗಂಟೆಗೆ ಹತ್ತಾರು ಘನ ಮೀಟರ್ ಕೆಸರನ್ನು ತಳ್ಳಬಲ್ಲವು. ಚಿತ್ರದುರ್ಗ ಜಿಲ್ಲೆಯಲ್ಲಿ ಕಬ್ಬಿಣದ ಅದಿರಿನ ಗಣಿಗಳಿರುವುದು ನಿಮಗೆ ಗೊತ್ತೇ ಇದೆ. ಅದಿರು ತೊಳೆದ ಮೇಲೆ ಉಳಿಯುವ ಗಟ್ಟಿ ಕೆಸರಿನಂಥದ್ದನ್ನು ಸಾಗಿಸಲು ಗಣಿಗಾರಿಕೆಯ ಜಗತ್ತಿನಲ್ಲಿ ಹೋಸ್ ಪಂಪ್ ಬಹಳ ಬಳಕೆಯಲ್ಲಿದೆ. ಕಾಂಕ್ರೀಟನ್ನು ಹಿಸುಕಿ ಸಾಗಿಸುವ ಪಂಪುಗಳೂ ಇದೇ ತತ್ವದವು.

ಹೊಳಲ್ಕೆರೆ, ಭೀಮಸಮುದ್ರ, ಚನ್ನಗಿರಿ ಕಡೆಯ ಅಡಿಕೆ ತೋಟಗಳಲ್ಲಿ ಹನಿ ನೀರಾವರಿಯ ಜೊತೆ ಗೊಬ್ಬರ ಬಿಡಲು ಇದು ಬೇಕೇ ಎಂದು ಕೆಲವರು ಕೇಳುತ್ತಾರೆ. ಎಕರೆಗಟ್ಟಲೆ ತೋಟಕ್ಕೆ ವೆಂಚುರಿಯೇ, ಅಂದರೆ ಹರಿಯುವ ನೀರಿನ ರಭಸದಿಂದಲೇ ಗೊಬ್ಬರದ ದ್ರಾವಣವನ್ನು ಹೀರಿಕೊಳ್ಳುವ ನಡು ಕಿರಿದಾದ ಕೊಳವೆಯೇ, ಸಾಕು. ಅದಕ್ಕೆ ಕರೆಂಟ್ ಬೇಡ, ಬೆಲೆ ಕಡಿಮೆ. ಪಾಲಿಹೌಸ್‌ನಲ್ಲಿ ಮಿಲಿಲೀಟರ್ ಲೆಕ್ಕದಲ್ಲಿ ಪೋಷಕಾಂಶ ಕೊಡುವವರಿಗೆ ಮಾತ್ರ ಪೆರಿಸ್ಟಾಲ್ಟಿಕ್ ಪಂಪ್ ಯೋಗ್ಯ.

ನಿಮ್ಮ ಕ್ಲೋರಿನ್ ಪಂಪಿಗೆ ಬರೋಣ. ನಿಮ್ಮಲ್ಲಿರುವುದು ಬಹುತೇಕ ಡಯಾಫ್ರಾಮ್ ಡೋಸಿಂಗ್ ಪಂಪ್ ಇರಬೇಕು. ಟಕ್ ಟಕ್ ಎಂದು ಸದ್ದು ಮಾಡುತ್ತಿದ್ದರೆ ಅದೇ. ಅದರ ತಲೆಯಲ್ಲಿ ಒಂದು ಪೊರೆ ಹಿಂದೆ ಮುಂದೆ ಆಡುತ್ತದೆ, ಕೆಳಗೊಂದು ಮೇಲೊಂದು ಸಣ್ಣ ವಾಲ್ವ್ ಇರುತ್ತದೆ. ಸೋಡಿಯಂ ಹೈಪೋಕ್ಲೋರೈಟ್, ನಾವೆಲ್ಲ ಹೈಪೋ ಎನ್ನುವ ದ್ರಾವಣ, ತಾನಾಗಿಯೇ ನಿಧಾನವಾಗಿ ಒಡೆದು ಆಮ್ಲಜನಕದ ಗುಳ್ಳೆಗಳನ್ನು ಬಿಡುತ್ತದೆ. ಬಿಸಿಲು ಏರಿದಷ್ಟೂ ಇದು ಹೆಚ್ಚು. ಚಳ್ಳಕೆರೆಯ ಏಪ್ರಿಲ್ ಬಿಸಿಲಿನಲ್ಲಿ ತಗಡಿನ ಪಂಪ್‌ಹೌಸ್‌ನೊಳಗೆ ಡ್ರಮ್ ಇಟ್ಟರೆ ಕೇಳುವುದೇ ಬೇಡ. ಗುಳ್ಳೆಗಳು ಪಂಪಿನ ತಲೆಯಲ್ಲಿ ಸೇರಿಕೊಳ್ಳುತ್ತವೆ. ದ್ರವ ಕುಗ್ಗುವುದಿಲ್ಲ, ಗಾಳಿ ಕುಗ್ಗುತ್ತದೆ. ಹಾಗಾಗಿ ಪೊರೆ ಆಡಿದರೂ ಒಳಗಿನ ಗಾಳಿಯೇ ಕುಗ್ಗಿ ಹಿಗ್ಗುತ್ತಿರುತ್ತದೆ, ವಾಲ್ವ್ ತೆರೆಯುವುದೇ ಇಲ್ಲ. ಸದ್ದು ಬರುತ್ತಿರುತ್ತದೆ, ಕ್ಲೋರಿನ್ ಹೋಗುತ್ತಿರುವುದಿಲ್ಲ. ಬ್ಲೀಚಿಂಗ್ ಪೌಡರ್ ಕಲಸಿ ಬಳಸುತ್ತಿದ್ದರೆ ಸುಣ್ಣದ ಕಣಗಳು ವಾಲ್ವಿನಲ್ಲಿ ಕೂತು ಇನ್ನೊಂದು ತೊಂದರೆ. ಬೇಸಿಗೆಯಲ್ಲೇ ಕೈಕೊಡುತ್ತದೆ ಎಂದು ನೀವು ಬರೆದಿದ್ದರಿಂದ ಗಾಳಿ ಸಿಕ್ಕಿಕೊಳ್ಳುವುದೇ ಮುಖ್ಯ ಕಾರಣವೆಂದು ನನಗನ್ನಿಸುತ್ತದೆ.

ಪೆರಿಸ್ಟಾಲ್ಟಿಕ್ ಪಂಪಿನಲ್ಲಿ ವಾಲ್ವ್ ಇಲ್ಲ, ಗಾಳಿ ನಿಲ್ಲುವ ಮೂಲೆಯೂ ಇಲ್ಲ. ಗುಳ್ಳೆ ಬಂದರೆ ಅದನ್ನೂ ತಳ್ಳಿ ಮುಂದಿನ ಹೈಪೋವನ್ನು ಎಳೆದುಕೊಳ್ಳುತ್ತದೆ. ಡ್ರಮ್ ಖಾಲಿಯಾಗಿ ಒಣಗಿ ಓಡಿದರೂ ಕೆಡುವುದಿಲ್ಲ. ಇಷ್ಟಕ್ಕೇ ಇದನ್ನು ಆರಿಸಬಹುದು.

ಆದರೆ ಒತ್ತಡದ ಲೆಕ್ಕ ನೋಡದೆ ಕೊಳ್ಳಬೇಡಿ. 10 ಮೀಟರ್ ಎತ್ತರದ ನೀರಿನ ಕಂಬ ಎಂದರೆ ಸುಮಾರು 1 ಬಾರ್ ಒತ್ತಡ. 15 ಮೀಟರ್ ಎತ್ತರದ ಟ್ಯಾಂಕಿಗೆ ಹೋಗುವ ಏರುಕೊಳವೆಯ ಬುಡದಲ್ಲಿ, ಘರ್ಷಣೆಯನ್ನೂ ಸೇರಿಸಿದರೆ, 2 ಬಾರ್ ಹತ್ತಿರವಿರುತ್ತದೆ. ಸಾಮಾನ್ಯ ಸಣ್ಣ ಟ್ಯೂಬ್ ಪಂಪುಗಳು 1ರಿಂದ 2 ಬಾರ್‌ಗೇ ಸುಸ್ತಾಗುತ್ತವೆ. ಟ್ಯೂಬ್ ಉಬ್ಬಿ ಬೇಗ ಒಡೆಯುತ್ತದೆ. ಹೈಪೋ ಪೈಪನ್ನು ಟ್ಯಾಂಕಿನ ಮೇಲಕ್ಕೆ ಎಳೆದರೆ ಒತ್ತಡ ತಪ್ಪೀತು ಎಂದುಕೊಳ್ಳಬೇಡಿ, ಆ ಪೈಪಿನೊಳಗಿನ ಹೈಪೋ ಕಂಬವೇ ಅಷ್ಟು ಭಾರ ಹಾಕುತ್ತದೆ. ಊರಿನಲ್ಲಿ ನೆಲಮಟ್ಟದ ಸಂಪ್ ಇದ್ದರೆ ಅದಕ್ಕೆ ನೀರು ಬೀಳುವ ಕಡೆ ಹೈಪೋ ಬಿಡುವುದು ಎಲ್ಲಕ್ಕಿಂತ ಒಳ್ಳೆಯದು. ಒತ್ತಡವೇ ಇಲ್ಲ, ನೀರಿನೊಂದಿಗೆ ಬೆರೆಯಲೂ ಸಮಯ ಸಿಗುತ್ತದೆ. ಸಂಪ್ ಇಲ್ಲದಿದ್ದರೆ ನೀರು ಶುದ್ಧೀಕರಣಕ್ಕೆಂದೇ ತಯಾರಿಸಿದ, ಕನಿಷ್ಠ 4 ಬಾರ್ ತಡೆಯುವ ಪೆರಿಸ್ಟಾಲ್ಟಿಕ್ ಪಂಪ್ ಕೇಳಿ. ಡ್ರಮ್ಮನ್ನೂ ಪಂಪನ್ನೂ ಟ್ಯಾಂಕಿನ ಮೇಲೆ ಕೂರಿಸಲು ಯಾರಾದರೂ ಸಲಹೆ ಕೊಟ್ಟರೆ ಒಪ್ಪಬೇಡಿ. ಹೈಪೋ ಕ್ಯಾನ್ ಹೊತ್ತು ಏಣಿ ಹತ್ತುವ ಕೆಲಸ ನಿಮ್ಮ ಮೈಮೇಲೆ ಬರುತ್ತದೆ.

ಎಷ್ಟು ಬಿಡಬೇಕು? ಗಂಟೆಗೆ 10,000 ಲೀಟರ್ ನೀರು ಬರುತ್ತಿದೆ, ಲೀಟರಿಗೆ 2 ಮಿಲಿಗ್ರಾಂ ಕ್ಲೋರಿನ್ ಬೇಕು ಎಂದಿಟ್ಟುಕೊಳ್ಳೋಣ. ಗಂಟೆಗೆ 20 ಗ್ರಾಂ ಕ್ಲೋರಿನ್ ಆಯಿತು. ಹೈಪೋ ಶೇ 10ರ ಬಲದ್ದಾದರೆ ಒಂದು ಲೀಟರಿನಲ್ಲಿ 100 ಗ್ರಾಂ ಕ್ಲೋರಿನ್ ಇರುತ್ತದೆ. ಹಾಗಾಗಿ ಗಂಟೆಗೆ 200 ಮಿಲಿಲೀಟರ್ ಹೈಪೋ, ಅಂದರೆ ನಿಮಿಷಕ್ಕೆ ಮೂರು ಮಿಲಿಲೀಟರಿಗಿಂತ ತುಸು ಹೆಚ್ಚು. ಅದೇ ಹೈಪೋ ಬಿಸಿಲಿಗೆ ಬಲ ಕುಂದಿ ಶೇ 5ಕ್ಕೆ ಇಳಿದಿದ್ದರೆ 400 ಮಿಲಿಲೀಟರ್ ಬೇಕು. ಪಂಪ್ ಎಷ್ಟೇ ಕರಾರುವಾಕ್ಕಾಗಿದ್ದರೂ ಡ್ರಮ್ಮಿನೊಳಗಿನ ಬಲ ಅದಕ್ಕೆ ತಿಳಿಯದು. ಆದ್ದರಿಂದ ನಂಬಬೇಕಾದ್ದು ನೀರಿನಲ್ಲಿ ಉಳಿದಿರುವ ಕ್ಲೋರಿನ್ ಅಳೆಯುವ ಕ್ಲೋರೋಸ್ಕೋಪನ್ನು. ಭಾರತೀಯ ಮಾನಕ ಐಎಸ್ 10500ರ ಪ್ರಕಾರ ಕುಡಿಯುವ ನೀರಿನಲ್ಲಿ ಉಳಿಕೆ ಕ್ಲೋರಿನ್ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಇರಬೇಕು. ಊರಿನ ಕೊನೆಯ ನಲ್ಲಿಯಲ್ಲಿ ಅಷ್ಟು ಸಿಗುವವರೆಗೆ ಪಂಪಿನ ವೇಗ ಹೊಂದಿಸಿಕೊಳ್ಳಿ. ಹೈಪೋವನ್ನು ಒಂದಕ್ಕೆ ಮೂರು ಪಾಲು ನೀರು ಸೇರಿಸಿ ತೆಳು ಮಾಡಿಕೊಂಡರೆ ಅದು ನಿಧಾನವಾಗಿ ಬಲ ಕಳೆದುಕೊಳ್ಳುತ್ತದೆ, ಅಳತೆಯೂ ಸುಲಭವಾಗುತ್ತದೆ. ಆದರೆ ಅದಕ್ಕೆ ಬೋರ್‌ವೆಲ್‌ನ ಗಡಸು ನೀರು ಬಳಸಬೇಡಿ, ಡ್ರಮ್ಮಿನ ತಳದಲ್ಲಿ ಬಿಳಿ ಗಸಿ ನಿಲ್ಲುತ್ತದೆ. ಶುದ್ಧ ಕುಡಿಯುವ ನೀರಿನ ಘಟಕದ ನೀರು ಬಳಸಿ. ಹಾಗೆಯೇ, ಆ ಘಟಕಕ್ಕೆ ಹೋಗುವ ನೀರಿಗೆ ಕ್ಲೋರಿನ್ ಬೆರೆಯುವಂತಿದ್ದರೆ ಅಲ್ಲಿನ ಇದ್ದಿಲು ಫಿಲ್ಟರ್ ಚೆನ್ನಾಗಿದೆಯೇ ಎಂದು ನೋಡಿಸಿ. ಕ್ಲೋರಿನ್ ನೇರವಾಗಿ ತಾಗಿದರೆ ಆರ್‌ಒ ಪೊರೆ ಹಾಳಾಗುತ್ತದೆ.

ಹೈಪೋ ನೀರನ್ನು ಸೇರುವ ಮೂತಿಯಲ್ಲಿ ಯಾವ ಪಂಪ್ ಹಾಕಿದರೂ ಸುಣ್ಣ ಕಟ್ಟುತ್ತದೆ. ಹೈಪೋ ಕ್ಷಾರೀಯ, ನಮ್ಮ ಜಿಲ್ಲೆಯ ಅಂತರ್ಜಲ ಗಡಸು, ಎರಡೂ ಸೇರಿದಲ್ಲಿ ಸುಣ್ಣ ಗಟ್ಟಿಯಾಗುವುದು ಸಹಜ. ಮೂತಿ ಮುಚ್ಚಿದರೂ ಪಂಪ್ ತಳ್ಳುತ್ತಲೇ ಇರುತ್ತದೆ ಎಂದು ಆಗಲೇ ಹೇಳಿದೆನಲ್ಲ, ಟ್ಯೂಬ್ ಒಡೆಯುವುದು ಹೆಚ್ಚಾಗಿ ಹೀಗೆಯೇ. ತಿಂಗಳಿಗೊಮ್ಮೆಯಾದರೂ ಮೂತಿ ಬಿಚ್ಚಿ ಕೆರೆದು ತೊಳೆಯಿರಿ. ಆಮ್ಲದಲ್ಲಿ ನೆನೆಸುವುದಾದರೆ ಮೊದಲು ನೀರಿನಲ್ಲಿ ಚೆನ್ನಾಗಿ ತೊಳೆದು, ಬಯಲಿನಲ್ಲಿ, ಹೈಪೋ ಡ್ರಮ್ಮಿನಿಂದ ದೂರ ಕೂತು ಮಾಡಿ. ಹೈಪೋಗೆ ಆಮ್ಲ ತಾಗಿದರೆ ಕ್ಲೋರಿನ್ ಅನಿಲ ಏಳುತ್ತದೆ. ಮುಚ್ಚಿದ ಪಂಪ್‌ಹೌಸ್‌ನಲ್ಲಿ ಅದು ಪ್ರಾಣಕ್ಕೇ ಎರವಾಗಬಹುದು.

ಇನ್ನೊಂದನ್ನು ಎಲೆಕ್ಟ್ರಿಷಿಯನ್‌ಗೆ ತಪ್ಪದೆ ಹೇಳಿ. ಬೋರ್‌ವೆಲ್ ಮೋಟಾರ್ ತ್ರೀ ಫೇಸ್‌ನದು, ಡೋಸಿಂಗ್ ಪಂಪ್ ಸಿಂಗಲ್ ಫೇಸ್‌ನದು. ತ್ರೀ ಫೇಸ್ ಹೋದಾಗ ನೀರು ನಿಂತು ಹೈಪೋ ಮಾತ್ರ ಸುರಿಯುತ್ತಲೇ ಇದ್ದರೆ ಟ್ಯಾಂಕಿನಲ್ಲಿ ಕ್ಲೋರಿನ್ ಮಿತಿಮೀರುತ್ತದೆ. ಸ್ಟಾರ್ಟರ್‌ನ ಕಾಂಟ್ಯಾಕ್ಟರ್ ಮೂಲಕವೇ ಡೋಸಿಂಗ್ ಪಂಪಿಗೆ ಕರೆಂಟ್ ಹೋಗುವಂತೆ ಜೋಡಿಸಿದರೆ ಎರಡೂ ಒಟ್ಟಿಗೆ ಶುರುವಾಗಿ ಒಟ್ಟಿಗೆ ನಿಲ್ಲುತ್ತವೆ.

ಬೋರ್‌ವೆಲ್ ಪ್ರಶ್ನೆಗೆ ಹೆಚ್ಚು ಹೇಳಬೇಕಾದ್ದಿಲ್ಲ. 1855ರಲ್ಲಿ ಅಮೆರಿಕದಲ್ಲಿ ರೂಫಸ್ ಪೋರ್ಟರ್ ಮತ್ತು ಜೆ.ಡಿ. ಬ್ರಾಡ್ಲಿ ಇಂಥ ಪಂಪಿಗೆ ಪೇಟೆಂಟ್ ಪಡೆದದ್ದು ಬಾವಿಯ ನೀರಿಗಾಗಿಯೇ. ಆದರೆ ಮೇಲೆ ಕೂತು ಹೀರುವ ಯಾವ ಪಂಪೂ, ಎಷ್ಟೇ ಬಲಶಾಲಿಯಾದರೂ, ಸುಮಾರು 10 ಮೀಟರಿಗಿಂತ ಆಳದಿಂದ ನೀರೆಳೆಯಲಾರದು. ವಾತಾವರಣದ ಒತ್ತಡ ತಳ್ಳಬಲ್ಲದ್ದೇ ಅಷ್ಟು. ನಮ್ಮ ಬೋರ್‌ವೆಲ್‌ಗಳ ಆಳ ನೂರಾರು ಅಡಿ. 500 ಅಡಿ ಎಂದರೆ 15 ಬಾರ್ ಒತ್ತಡ, ಮೇಲಾಗಿ ಸಾವಿರಾರು ಲೀಟರ್ ನೀರು. ಅದು ಸಬ್‌ಮರ್ಸಿಬಲ್ ಪಂಪಿನ ಕೆಲಸ.

ಕೊನೆಯದಾಗಿ ಕೊಳ್ಳುವುದು ಮತ್ತು ನೋಡಿಕೊಳ್ಳುವುದು. ಈ ಪಂಪಿನಲ್ಲಿ ಆರಿಸಬೇಕಾದ್ದು ಪಂಪಿಗಿಂತ ಹೆಚ್ಚಾಗಿ ಟ್ಯೂಬನ್ನು. ಸಿಲಿಕೋನ್ ಟ್ಯೂಬ್ ಔಷಧಕ್ಕೂ ಆಹಾರಕ್ಕೂ ಒಳ್ಳೆಯದು, ಆದರೆ ಒತ್ತಡಕ್ಕೂ ಗಟ್ಟಿ ಹೈಪೋಗೂ ತಕ್ಕದ್ದಲ್ಲ. ಇಪಿಡಿಎಂ ರಬ್ಬರ್ ಆಮ್ಲ ಕ್ಷಾರಗಳನ್ನು ತಡೆಯುತ್ತದೆ, ಎಣ್ಣೆ ತಾಗಿದರೆ ಉಬ್ಬುತ್ತದೆ. ನಿಮ್ಮ ಚಳ್ಳಕೆರೆಯ ಎಣ್ಣೆ ಮಿಲ್ಲುಗಳಲ್ಲಿ ಯಾರಾದರೂ ಈ ಪಂಪ್ ಹಾಕುವುದಾದರೆ ನೈಟ್ರೈಲ್ ಟ್ಯೂಬ್ ಕೇಳಬೇಕು. ಹೈಪೋಗೆ ಸ್ಯಾಂಟೊಪ್ರೀನ್ ಎಂಬ ರಬ್ಬರಿನಂಥ ಪ್ಲಾಸ್ಟಿಕ್ ಜಾತಿಯ ಟ್ಯೂಬ್ ಕೇಳಿ. ಅಂಗಡಿಯಲ್ಲಿ ಸಿಗುವ ಯಾವುದೋ ಪಾರದರ್ಶಕ ಪೈಪನ್ನು ಕತ್ತರಿಸಿ ಹಾಕಬೇಡಿ. ಒಳವ್ಯಾಸ ಸರಿಹೊಂದಿದರೂ ಗೋಡೆಯ ದಪ್ಪ ಹೊಂದದಿದ್ದರೆ ಪಂಪ್ ನಡೆಯದು. ದಪ್ಪ 1.6 ಮಿಲಿಮೀಟರ್ ಇದ್ದರೆ ಎರಡು ಗೋಡೆ ಸೇರಿ 3.2. ಅದನ್ನು ಇನ್ನೂ ಹತ್ತಿಪ್ಪತ್ತು ಶೇಕಡಾ ಅಮುಕುವಂತೆ ರೋಲರಿನ ಅಂತರವಿರುತ್ತದೆ. ಟ್ಯೂಬ್ ಸ್ವಲ್ಪ ತೆಳುವಾದರೆ ಹೈಪೋ ಹಿಂದೆ ಸೋರುತ್ತದೆ, ಸ್ವಲ್ಪ ದಪ್ಪವಾದರೆ ಮೋಟಾರಿಗೂ ಟ್ಯೂಬಿಗೂ ಕಷ್ಟ.

ಟ್ಯೂಬಿನ ಆಯಸ್ಸನ್ನು ಗಂಟೆಗಳಲ್ಲಿ ಅಳೆಯುವುದಕ್ಕಿಂತ ಅಮುಕಿಸಿಕೊಂಡ ಸಲಗಳಲ್ಲಿ ಅಳೆಯುವುದು ಸರಿ. ಎರಡು ರೋಲರ್, ನಿಮಿಷಕ್ಕೆ 60 ಸುತ್ತು, ದಿನಕ್ಕೆ ಎಂಟು ಗಂಟೆ ಎಂದರೆ 57,600 ಸಲ. ತುಸು ದೊಡ್ಡ ಟ್ಯೂಬ್ ಹಾಕಿ 20 ಸುತ್ತಿಗೆ ಇಳಿಸಿದರೆ 19,200 ಸಲ. ಅದೇ ಟ್ಯೂಬ್ ಮೂರು ಪಟ್ಟು ದಿನ ಬಾಳುತ್ತದೆ. ಸಣ್ಣ ಪಂಪನ್ನು ಜೋರಾಗಿ ಓಡಿಸುವುದಕ್ಕಿಂತ ದೊಡ್ಡದನ್ನು ನಿಧಾನವಾಗಿ ಓಡಿಸಿ ಎಂದು ನಾನು ಒತ್ತಿ ಹೇಳುವುದು ಇದಕ್ಕೇ. ಟ್ಯೂಬ್ ಹಾಕಿದ ದಿನಾಂಕವನ್ನು ಗೋಡೆಯ ಮೇಲೆ ಬರೆದಿಡಿ. ಮೊದಲ ಟ್ಯೂಬ್ ಎಷ್ಟು ದಿನ ಬಂತು ಎಂದು ತಿಳಿದ ಮೇಲೆ ಮುಂದಿನವುಗಳನ್ನು ಒಡೆಯುವ ಮುಂಚೆಯೇ ಬದಲಿಸಿ. ಟ್ಯೂಬ್ ಬಿಚ್ಚಿದಾಗ ದುಂಡಗಾಗದೆ ಚಪ್ಪಟೆಯಾಗಿಯೇ ಉಳಿದಿದ್ದರೆ, ಎರಡು ಅಂಚುಗಳಲ್ಲಿ ಸೀಳು ಕಂಡರೆ, ಅಥವಾ ಅಳತೆಯ ಜಾಡಿಯಲ್ಲಿ ಹತ್ತು ನಿಮಿಷಕ್ಕೆ ಹೋಗುವ ಹೈಪೋ ಮೊದಲಿಗಿಂತ ಕಡಿಮೆಯಾಗಿದ್ದರೆ ಕಾಯಬೇಡಿ. ಪಂಪ್ ವಾರಗಟ್ಟಲೆ ನಿಲ್ಲುವುದಾದರೆ ಟ್ಯೂಬನ್ನು ರೋಲರಿನಿಂದ ಬಿಡಿಸಿಡಿ. ಒಂದೇ ಜಾಗದಲ್ಲಿ ಅಮುಕಿಕೊಂಡಿದ್ದರೆ ಅಲ್ಲಿ ಗಾಯವಾಗುತ್ತದೆ.

ಪಂಚಾಯಿತಿಗೆ ಬೇಡಿಕೆ ಬರೆಯುವಾಗ ಬರೀ ಪೆರಿಸ್ಟಾಲ್ಟಿಕ್ ಪಂಪ್ ಎಂದು ಬರೆದು ಬಿಡಬೇಡಿ. ಗಂಟೆಗೆ ಎಷ್ಟು ಮಿಲಿಲೀಟರ್, ಎಷ್ಟು ಬಾರ್ ಒತ್ತಡ, ಯಾವ ದ್ರವ, ಅದರ ಬಲ ಎಷ್ಟು ಎಂಬುದನ್ನು ನಮೂದಿಸಿ. ಅದೇ ಅಳತೆಯ ಹೆಚ್ಚುವರಿ ಟ್ಯೂಬುಗಳನ್ನೂ, ಒಡೆದರೆ ತಾನಾಗಿ ನಿಲ್ಲುವ ಸೋರಿಕೆ ಸೆನ್ಸರ್ ಇರುವ ಮಾದರಿಯನ್ನೂ ಅದೇ ಆದೇಶದಲ್ಲಿ ಸೇರಿಸಿ. ಟ್ಯೂಬಿಗಾಗಿ ಆಮೇಲೆ ಪ್ರತ್ಯೇಕವಾಗಿ ಮಂಜೂರಾತಿ ಕೇಳುತ್ತಾ ಕುಳಿತರೆ ಅಷ್ಟು ದಿನವೂ ಊರು ಕ್ಲೋರಿನ್ ಇಲ್ಲದ ನೀರು ಕುಡಿಯಬೇಕಾಗುತ್ತದೆ.